ಬಿದ್ದ ಗೋಲಿ ಮತ್ತೆ ಬುಟ್ಟಿಗಿಲ್ಲ

ಬಂದರಿನ ತಪಾಸಣೆ ಕಚೇರಿಯಲ್ಲಿ ಸುಲ್ಮಾ ಮಾಡುತ್ತಿದ್ದ ಕೆಲಸ ಹೇಳುವುದಕ್ಕೆ ಸುಲಭ. ಮೊಂತೆವಿದೆಯೊಗೆ ಬಂದು ನಿಂತ ಹಡಗುಗಳಲ್ಲಿ ಇವತ್ತು ಯಾವುದನ್ನು ಹತ್ತಿ ನೋಡಬೇಕು ಎಂದು ಬೆಳಿಗ್ಗೆ ಆರಿಸಿ ಕೊಡುವುದು. ಹಡಗುಗಳೇನೋ ಹತ್ತಾರು, ಹತ್ತಿ ನೋಡುವವರು ಬೆರಳೆಣಿಕೆಯಷ್ಟು. ಎಷ್ಟೇ ಹೆಣಗಿದರೂ ದಿನಕ್ಕೆ ಎರಡಕ್ಕಿಂತ ಹೆಚ್ಚು ಆಗುತ್ತಿರಲಿಲ್ಲ. ಉಳಿದವುಗಳ ಭಾರವನ್ನೆಲ್ಲ ದೇವರ ಮೇಲೆ ಹಾಕಿ ಮನೆಗೆ ಹೋಗುವುದು ವಾಡಿಕೆ.

ಆರಿಸುವುದಕ್ಕೆ ಕಂಪ್ಯೂಟರ್ ಇತ್ತು. ಹಡಗಿಗೆ ವಯಸ್ಸೆಷ್ಟು, ಯಾವ ದೇಶದ ಬಾವುಟ, ಹಿಂದೆ ಎಲ್ಲೆಲ್ಲಿ ಏನೇನು ತಪ್ಪು ಸಿಕ್ಕಿತ್ತು ಎಂದೆಲ್ಲ ಕೂಡಿಸಿ ಅದು ಅಂಕ ಹಾಕುತ್ತಿತ್ತು. ಹೆಚ್ಚು ಅಂಕ ಬಂದವರ ಮನೆಗೆ ತಪಾಸಕರು. ಮೇಲ್ನೋಟಕ್ಕೆ ಇದು ನ್ಯಾಯವೇ. ಆದರೂ ಸುಲ್ಮಾಳಿಗೆ ವರ್ಷದಿಂದ ಒಳಗೊಳಗೇ ಏನೋ ಕೊರೆಯುತ್ತಿತ್ತು. ಒಮ್ಮೆ ಕೆಟ್ಟ ಹೆಸರು ಹೊತ್ತ ಹಡಗನ್ನು ಬಂದಾಗಲೆಲ್ಲ ಹತ್ತುತ್ತಾರೆ. ಹತ್ತಿದರೆ ಏನಾದರೊಂದು ಸಿಕ್ಕೇ ಸಿಗುತ್ತದೆ, ಸಿಕ್ಕಿದರೆ ಅಂಕ ಏರುತ್ತದೆ, ಮುಂದಿನ ಸಲ ಮತ್ತೆ ಅದೇ ಹಡಗು. ಒಳ್ಳೆಯ ಹೆಸರು ಗಿಟ್ಟಿಸಿದ್ದರ ಕಡೆ ಯಾರೂ ತಲೆ ಹಾಕುವುದಿಲ್ಲ. ತಲೆಯೇ ಹಾಕದಿದ್ದರೆ ತಪ್ಪು ಸಿಗುವುದೆಲ್ಲಿಂದ? ಮೇಷ್ಟ್ರು ದಿನವೂ ಕೊನೆಯ ಬೆಂಚಿನ ಹುಡುಗರ ಜೇಬನ್ನೇ ತಡಕುತ್ತಿದ್ದರೆ ಮುಂದಿನ ಬೆಂಚಿನವನ ಜೇಬಿನಲ್ಲಿ ಹಾವಿದ್ದರೂ ಗೊತ್ತಾಗುವುದಿಲ್ಲ.

ಇದನ್ನು ಅವಳು ತಪಾಸಕರ ಮುಖ್ಯಸ್ಥ ಎಲ್ಬಿಯೊಗೆ ಎರಡು ಮೂರು ಸಲ ಹೇಳಿದ್ದಳು. ಎಲ್ಬಿಯೊ ದೊಡ್ಡ ಆಳು, ದೊಡ್ಡ ಮೀಸೆ, ಹಗ್ಗದ ಏಣಿ ಹತ್ತಿ ಹತ್ತಿ ಸವೆದ ಮಂಡಿಗಳು. ಮುಂಜಾನೆ ಬಿಸಿನೀರಿನ ಫ್ಲಾಸ್ಕನ್ನು ಕಂಕುಳಲ್ಲಿ ಇಟ್ಟುಕೊಂಡು, ಒಣಸೊಪ್ಪು ತುಂಬಿದ ಸೋರೆಬುರುಡೆಗೆ ನೀರು ಸುರಿದು ಕಚೇರಿಗೆಲ್ಲ ಮಾಟೆ ಎಂಬ ಕಷಾಯ ಕುಡಿಸುವುದು ಅವನೇ. ಅವಳು ಹೇಳಿದ್ದನ್ನು ಕೇಳಿ, "ನಿನ್ನ ಮಾತು ಸರಿ ಕಣಮ್ಮ" ಎನ್ನುತ್ತಿದ್ದ. ಆಮೇಲೆ ಬುರುಡೆಯನ್ನು ಪಕ್ಕದವರಿಗೆ ದಾಟಿಸುತ್ತಿದ್ದ. ಸರಕಾರಿ ಕಚೇರಿಯಲ್ಲಿ ಸರಿಯಾದ ಮಾತಿಗೆ ಸಿಗುವ ಮರ್ಯಾದೆ ಅಷ್ಟೇ.

ಆ ತಿಂಗಳ ಇಪ್ಪತ್ತೊಂಬತ್ತಕ್ಕೆ ಸುಲ್ಮಾ ಊರಿನ ವಾಡಿಕೆಯಂತೆ ತಮ್ಮನ ಮನೆಗೆ ನ್ಯೋಕಿ ಎಂಬ ಆಲೂಗಡ್ಡೆ ಉಂಡೆ ಉಣ್ಣಲು ಹೋದಳು. ಎಲ್ಲರೂ ಅದೃಷ್ಟಕ್ಕೆಂದು ತಟ್ಟೆಯಡಿ ನಾಣ್ಯ ಇಟ್ಟುಕೊಂಡು ಕೂತರು. ತಮ್ಮ ದಾರ್ದೊ ಕೆಲಸ ಮಾಡುತ್ತಿದ್ದ ಮೀನುಗಾರಿಕೆ ಕಂಪನಿ ಮುಚ್ಚಿಹೋದ ಮೇಲೆ ಬಹಳ ಕಾಲ ಸೈಕಲ್ ರಿಪೇರಿ ಮಾಡಿಕೊಂಡು ದಿನ ನೂಕಿದವನು. ಈಗ 'ಅಲ್ಬಾ ಸೆರೆನಾ' ಎಂಬ ಸರಕು ಹಡಗಿನಲ್ಲಿ ನಾವಿಕ. ಮೊದಲ ಸಂಬಳದಲ್ಲಿ ಹೆಂಡತಿ ನೀದಿಯಾಗೆ ಬಟ್ಟೆ ಒಗೆಯುವ ಮೆಷಿನ್ ತಂದಿದ್ದ. ರಜೆಗೆ ಬಂದಾಗ ಅದರ ಮುಂದೆ ಕುರ್ಚಿ ಹಾಕಿಕೊಂಡು, ಬಟ್ಟೆ ತಿರುಗುವುದನ್ನು ಟೀವಿಯಂತೆ ನೋಡುತ್ತಿದ್ದ.

ಊಟವಾಗಿ ನೀದಿಯಾ ಪಾತ್ರೆ ತೊಳೆಯಲು ಎದ್ದಾಗ ಅವನು ಕುರ್ಚಿಯನ್ನು ಅಕ್ಕನ ಹತ್ತಿರ ಎಳೆದ.

"ಅಕ್ಕ, ಒಂದ್ ಮಾತು ಹೇಳ್ತೀನಿ. ಕೇಳಿ ಮರೆತುಬಿಡ್ಬೇಕು."

"ಮರೆಯೋದೇ ಆದ್ರೆ ಹೇಳೋದ್ಯಾಕೋ?"

"ಹೇಳದೇ ಇದ್ರೆ ನಿದ್ದೆ ಬರಲ್ಲ, ಅದಕ್ಕೆ. ನಮ್ ಹಡಗಿನ ಜೀವರಕ್ಷಕ ದೋಣಿ ಇದೆಯಲ್ಲ, ಅದನ್ನ ನೇತುಹಾಕಿರೋ ಹಿಂದಿನ ಕೊಕ್ಕೆ ತುಕ್ಕು ತಿಂದು ಹಪ್ಪಳ ಆಗಿದೆ. ಮೇಲಿನವನಿಗೆ ತೋರಿಸ್ದೆ. ಬಣ್ಣ ಹೊಡಿ ಅಂದ. ಹೊಡೆದೆ. ಈಗ ಮದುಮಗಳ ಥರ ಹೊಳೀತಿದೆ."

"ಅಯ್ಯೋ, ದಾರ್ದೊ."

"ಇನ್ನೂ ಕೇಳು. ಮುಂದಿನ ತಿಂಗಳ ಕೊನೇಲಿ ಕಂಪನಿಗೆ ದೋಣಿ ಇಳಿಸೋ ಅಭ್ಯಾಸದ ಫೋಟೋ ಬೇಕಂತೆ. ನಾಲ್ಕು ಜನರನ್ನ ದೋಣೀಲಿ ಕೂರಿಸಿ ನೀರಿಗೆ ಇಳಿಸ್ತಾರೆ. ಮೂರು ಮಹಡಿ ಎತ್ತರದಿಂದ. ಆ ನಾಲ್ವರಲ್ಲಿ ನಾನೂ ಒಬ್ಬ."

"ಕೂರಲ್ಲ ಅನ್ನು."

"ಕೂರಲ್ಲ ಅಂದವನಿಗೆ ಮುಂದಿನ ಬಂದರಲ್ಲಿ ಗಂಟುಮೂಟೆ ಕೊಟ್ಟು ಇಳಿಸ್ತಾರೆ. ಆಮೇಲೆ ಬೇರೆ ಯಾವ ಹಡಗಿನವರೂ ಹತ್ತಿಸ್ಕೊಳ್ಳಲ್ಲ." ಅವನು ದನಿ ತಗ್ಗಿಸಿದ. "ನೀನು ಅಲ್ಲಿ ಕೂತು ಒಂದು ಬೆರಳು ಅಲ್ಲಾಡಿಸಿದ್ರೂ ಮುಗೀತು. ತಪಾಸಣೆ ಆಫೀಸಲ್ಲಿ ಅಕ್ಕ ಇರೋನು ಆ ಹಡಗಲ್ಲಿ ನಾನೊಬ್ಬನೇ. ಎಲ್ಲಾರಿಗೂ ಗೊತ್ತು. ಹೆಸರು ಬರೀದೆ ದೂರು ಹಾಕಿದ್ರೂ ನನ್ನ ಹಣೆ ಮೇಲೇ ಬರೆದ ಹಾಗೆ. ಆಣೆ ಮಾಡು, ಹೇಳಲ್ಲ ಅಂತ."

ಸುಲ್ಮಾ ಆಣೆ ಮಾಡಲಿಲ್ಲ. ಬೈಯಲೂ ಇಲ್ಲ. ಒಳಗೆ ಮೆಷಿನ್ ಗಡಗಡ ತಿರುಗುವುದನ್ನು ಕೇಳುತ್ತ ಕೂತಳು.

ಅವನು ಕೆಲಸಕ್ಕೆ ಸೇರಿದ ದಿನವೇ ಅವಳು ಎಲ್ಬಿಯೊಗೆ ಹೇಳಿಟ್ಟಿದ್ದಳು, ತಮ್ಮನಿರುವ ಅಲ್ಬಾ ಸೆರೆನಾ ಬಂದರೆ ಆ ಹಡಗಿನ ವಿಷಯಕ್ಕೆ ತಾನು ಕೈ ಹಾಕುವುದಿಲ್ಲ ಎಂದು. ಹಾಗಾಗಿ ಅದನ್ನು ಆರಿಸುವ ಹಕ್ಕೂ ಅವಳಿಗಿರಲಿಲ್ಲ. ಕಂಪ್ಯೂಟರ್ ಲೆಕ್ಕದಲ್ಲಂತೂ ಆ ಹಡಗು ಅಪರಂಜಿ. ಹೊಸತಿದ್ದಾಗ ಎರಡು ಸಲ ನೋಡಿದ್ದರು, ಏನೂ ಸಿಕ್ಕಿರಲಿಲ್ಲ, ಅಲ್ಲಿಂದಾಚೆ ಯಾರೂ ಹತ್ತಿರಲಿಲ್ಲ. ಅವಳು ಮನಸ್ಸಿನಲ್ಲೇ ಒಂದು ತೀರ್ಮಾನಕ್ಕೆ ಬಂದಳು. ಆ ಫೋಟೋ ದಿನದ ಮೊದಲು ನ್ಯಾಯವಾದ ದಾರಿಯಲ್ಲಿ ಯಾರಾದರೂ ಆ ಹಡಗು ಹತ್ತಿದರೆ ಸರಿ. ಇಲ್ಲವಾದರೆ ಎಲ್ಬಿಯೊ ಮುಂದೆ ಎಲ್ಲ ಬಾಯಿ ಬಿಡುವುದು. ತಮ್ಮ ಜನ್ಮದಲ್ಲಿ ಮಾತಾಡಿಸದಿದ್ದರೂ ಚಿಂತೆಯಿಲ್ಲ, ಬದುಕಿದ್ದರೆ ಸಾಕು.

ಮರುದಿನ ಅವಳು ಎಲ್ಬಿಯೊ ಎದುರು ಗಟ್ಟಿಯಾಗಿ ಕೂತಳು.

"ದೋನ್ ಎಲ್ಬಿಯೊ, ಒಂದು ತಿಂಗಳು ನನ್ನ ಮಾತು ನಡೆಸಿಕೊಡಿ. ದಿನಕ್ಕೆ ಎರಡು ಹಡಗಲ್ಲಿ ಒಂದನ್ನ ಅಂಕ ನೋಡಿ ಆರಿಸೋಣ. ಇನ್ನೊಂದನ್ನ ಚೀಟಿ ಎತ್ತಿ. ಬಂದ ಎಲ್ಲಾ ಹಡಗೂ ಚೀಟಿಯಲ್ಲಿರ್ಲಿ. ಸಾಹುಕಾರಂದು, ಬಡವಂದು, ಹೊಸದು, ಹಳೇದು, ಎಲ್ಲಾ."

"ಬಂದರಲ್ಲಿ ಲಾಟರಿ ಅಂಗಡಿ ಇಡ್ತೀಯೇನಮ್ಮ?"

"ನೋಡದೇ ಇರೋ ಕಡೆ ಏನಿದೆ ಅಂತ ನೋಡಿದ್ರೆ ತಾನೇ ಗೊತ್ತಾಗೋದು? ತಿಂಗಳಾದ್ಮೇಲೆ ಏನೂ ಸಿಗ್ಲಿಲ್ಲ ಅಂದ್ರೆ ನನ್ನನ್ನ ಬಾಯ್ತುಂಬ ಬೈದುಬಿಡಿ."

ಎಲ್ಬಿಯೊ ಮೀಸೆ ನೀವಿಕೊಂಡ. ಅವನಿಗೆ ಅಂಕಿಗಳೆಂದರೆ ಅಷ್ಟಕ್ಕಷ್ಟೆ, ಆದರೆ ಚೀಟಿ ಎತ್ತುವುದೆಂದರೆ ಜೀವ. ಶುಕ್ರವಾರ ಸಂಜೆ ತನ್ನ ಕೇರಿಯ, ಗುಂಡು ಉರುಳಿಸಿ ಆಡುವ ಬೋಚಾಸ್ ಕ್ಲಬ್ಬಿನಲ್ಲಿ ಬಿಂಗೋ ನಡೆದಾಗ ತಂತಿಬುಟ್ಟಿ ತಿರುಗಿಸಿ ಗೋಲಿ ಬೀಳಿಸಿ ನಂಬರು ಕೂಗುವವನು ಅವನೇ. ಆ ಕೆಲಸದಲ್ಲಿ ಅವನ ಗತ್ತನ್ನು ನೋಡಬೇಕು, ನ್ಯಾಯಾಧೀಶರೂ ಅಷ್ಟು ಗಂಭೀರವಾಗಿ ಕೂರುವುದಿಲ್ಲ.

"ಚೀಟಿ ಗೀಟಿ ಬೇಡ. ಕ್ಲಬ್ಬಿನ ಬುಟ್ಟಿ ತರ್ತೀನಿ, ಶುಕ್ರವಾರ ಸಂಜೆ ಮಾತ್ರ ಅದು ಅಲ್ಲಿಗೆ" ಎಂದ. "ಆದ್ರೆ ಕ್ಲಬ್ಬಿನ ನಿಯಮವೇ ಇಲ್ಲೂ. ಬಿದ್ದ ಗೋಲಿ ಮತ್ತೆ ಬುಟ್ಟಿಗಿಲ್ಲ."

ಸಂತೋಷದಲ್ಲಿ ಸುಲ್ಮಾ "ತುಂಬಾ ಥ್ಯಾಂಕ್ಸ್" ಎಂದುಬಿಟ್ಟಳು. ಬುರುಡೆ ಆಗ ತಾನೇ ಅವಳ ಕೈಯಿಂದ ಅವನ ಕೈಗೆ ಮರಳಿತ್ತು. ಮಾಟೆ ಸುತ್ತು ನಡೆಯುತ್ತಿರುವಾಗ ಥ್ಯಾಂಕ್ಸ್ ಹೇಳಿದವರಿಗೆ ಇನ್ನು ಸಾಕು ಎಂದು ಲೆಕ್ಕ. ಎಲ್ಬಿಯೊ ಆ ದಿನವೆಲ್ಲ ಅವಳಿಗೆ ಮಾಟೆ ಕೊಡಲಿಲ್ಲ. ಅವಳಿಗದು ಬೇಕೆಂದೂ ಅನ್ನಿಸಲಿಲ್ಲ.

ಈ ಏರ್ಪಾಡು ಯಾರಿಗಾದರೂ ಹಿಡಿಸದಿದ್ದರೆ ಅದು ಲಾಂಚು ನಡೆಸುವ ವಾಲ್ದೆಮಾರ್‌ಗೆ. ತಪಾಸಕರನ್ನು ಹಡಗಿಗೆ ಮುಟ್ಟಿಸುವವನು ಅವನು. ಅವನ ಪ್ರಕಾರ ಹಡಗು ನಿಲ್ಲುವ ಧಕ್ಕೆಗೆ ಹತ್ತಿರ ನಿಂತದ್ದೇ ತಪಾಸಣೆಗೆ ಯೋಗ್ಯವಾದ ಹಡಗು. ಜತೆಗೆ ಅವನಿಗೆ ಆ ಬುಟ್ಟಿಯ ಮೇಲೆ ಹಳೆಯ ಹಗೆಯೂ ಇತ್ತು. ಹಿಂದಿನ ಚಳಿಗಾಲದಲ್ಲಿ ಕ್ಲಬ್ಬಿನ ಬಿಂಗೋದಲ್ಲಿ ಒಂದು ಇಡೀ ಹಂದಿತೊಡೆ ಬಹುಮಾನ. ವಾಲ್ದೆಮಾರ್‌ಗೆ ಇನ್ನೊಂದೇ ನಂಬರು ಬೇಕಿದ್ದಾಗ ಯಾರದೋ ಮೊಣಕೈ ತಾಗಿ ಬುಟ್ಟಿ ಅಲ್ಲಾಡಿ ಬೇರೆ ಗೋಲಿ ಬಿತ್ತು. ಅದನ್ನು ಲೆಕ್ಕಕ್ಕೆ ಹಿಡಿಯಬಾರದು ಎಂದು ಅವನು ಬಡಬಡಿಸಿದರೂ ಎಲ್ಬಿಯೊ ಜಗ್ಗಲಿಲ್ಲ. ಹಂದಿತೊಡೆ ಮೂಲೆಯಂಗಡಿ ಕಟುಕನ ಪಾಲಾಯಿತು. ಮಾಂಸದಂಗಡಿಯವನಿಗೇ ಮಾಂಸ ಬಹುಮಾನ! ಈ ನೋವನ್ನು ವಾಲ್ದೆಮಾರ್ ಯಾರಾದರೂ ಕೇಳಲಿ ಬಿಡಲಿ ವಾರಕ್ಕೊಮ್ಮೆ ತೋಡಿಕೊಳ್ಳುತ್ತಿದ್ದ.

ದಿನವೂ ಬೆಳಿಗ್ಗೆ ಬಂದ ಹಡಗುಗಳಿಗೆ ಸಾಲಾಗಿ ನಂಬರು ಹಾಕಿ, ಅಷ್ಟೇ ಗೋಲಿಗಳನ್ನು ಬುಟ್ಟಿಗೆ ಹಾಕುವುದು. ತಮ್ಮನ ಹಡಗು ಸಾಲಿನಲ್ಲಿದ್ದ ದಿನ ಸುಲ್ಮಾ ಎರಡೂ ಕೈ ಬೆನ್ನ ಹಿಂದೆ ಕಟ್ಟಿ ಗೋಡೆಗೊರಗಿ ನಿಲ್ಲುತ್ತಿದ್ದಳು. ಅಲ್ಬಾ ಸೆರೆನಾ ಮೊದಲ ಸಲ ಬಂದಾಗ ಗೋಲಿ ಬೇರೆ ಹಡಗಿಗೆ ಬಿತ್ತು. ಗೋಧಿ ತುಂಬಿಕೊಂಡು ಹೊರಟಿದ್ದ ಹೊಸ ಹಡಗು, ಎಲ್ಲರೂ ಹೊಗಳುವ ಬಾವುಟ. ಬೆಂಕಿ ಆರಿಸುವ ಪಂಪು ಚಾಲೂ ಮಾಡಿ ಅಂದರೆ ಅದು ಕೆಮ್ಮಿತೇ ಹೊರತು ಒಂದು ಹನಿ ನೀರು ಉಗುಳಲಿಲ್ಲ. ಎಲ್ಬಿಯೊ ವಾಪಸು ಬಂದವನೇ ಸುಲ್ಮಾಳನ್ನು ಒಂದು ಹೊಸ ಬಗೆಯಲ್ಲಿ ನೋಡಿದ.

"ನಿನ್ನ ಲಾಟರಿ ಅಂಗಡಿ ಪರವಾಗಿಲ್ಲ ಕಣಮ್ಮ" ಎಂದ.

ಎರಡನೇ ಸಲವೂ ಗೋಲಿ ಬೇರೆಯದಕ್ಕೇ ಬಿತ್ತು. ಆ ಹಡಗಿನಲ್ಲಿ ಏನೂ ಸಿಗಲಿಲ್ಲ. ಎಲ್ಲ ಸರಿಯಿದೆ ಎಂದು ತಿಳಿದದ್ದೂ ತಿಳಿವಳಿಕೆಯೇ ಎಂದು ಎಲ್ಬಿಯೊ ಸಮಾಧಾನದಿಂದ ಇದ್ದ. ಸುಲ್ಮಾ ಮಾತ್ರ ಕ್ಯಾಲೆಂಡರಿನಲ್ಲಿ ಉಳಿದ ದಿನಗಳನ್ನು ಎಣಿಸಿದಳು. ತನ್ನ ಉಪಾಯ ಸರಿ ಎಂದು ದಿನದಿಂದ ದಿನಕ್ಕೆ ಸಾಬೀತಾಗುತ್ತಿತ್ತು, ತಮ್ಮನಿಗೆ ಮಾತ್ರ ಅದರಿಂದ ಮೂರು ಕಾಸಿನ ಉಪಯೋಗವಾಗಿರಲಿಲ್ಲ.

ಮೂರನೇ ಸಲ ಅಲ್ಬಾ ಸೆರೆನಾ ಬಂದದ್ದು ತಿಂಗಳ ಕೊನೆಯ ವಾರದಲ್ಲಿ. ಧಕ್ಕೆಯಲ್ಲಿ ಜಾಗವಿರದೆ ದೂರದಲ್ಲಿ ಲಂಗರು ಹಾಕಿ ನಿಂತಿತ್ತು, ಮರುದಿನ ಬೆಳಕು ಹರಿಯುತ್ತಲೇ ಹೊರಡುವುದಿತ್ತು. ಹೊರಟ ಮೇಲೆ ಸಮುದ್ರದಲ್ಲೇ ಆ ಫೋಟೋ. ದಾರ್ದೊ ಫೋನಿನಲ್ಲಿ ಹೇಳಿದ್ದ, ನಗುತ್ತಲೇ ಹೇಳಿದ್ದ, ಅದೇ ಅವಳಿಗೆ ತಡೆಯಲಾಗದ್ದು. ಅವತ್ತು ಬೆಳಿಗ್ಗೆ ತೆಂಕಣದ ಬಯಲಿನಿಂದ ಪಂಪೇರೊ ಗಾಳಿ ಎದ್ದಿತ್ತು. ಕಿಟಕಿಯ ಗಾಜು ಹಲ್ಲು ಕಡಿಯುತ್ತಿತ್ತು, ಬಂದರಿನ ಮುಂದಿನ ಕಡಲಷ್ಟು ಅಗಲದ ನದಿಯೆಲ್ಲ ಕಂದು ನೊರೆ.

ಎಲ್ಬಿಯೊ ಬುಟ್ಟಿ ತಿರುಗಿಸಿದ. ಗೋಲಿ ಕಟಕಟ ಉರುಳಿ ತಟ್ಟೆಗೆ ಬಿತ್ತು.

"ಎಂಟು" ಎಂದು ಕೂಗಿದ. ಆಮೇಲೆ ಗೋಡೆಯ ಮೇಲಿನ ಹಲಗೆ ನೋಡಿ, "ಎಂಟು ಅಂದ್ರೆ... ಅಲ್ಬಾ ಸೆರೆನಾ" ಎಂದ.

ಸುಲ್ಮಾಳ ಬೆನ್ನ ಹಿಂದಿನ ಕೈಗಳು ಒಂದನ್ನೊಂದು ಹಿಸುಕಿದವು. ದೇವರೇ, ಬಂತು!

ಎಲ್ಬಿಯೊ ಕಿಟಕಿ ನೋಡಿದ. ತನ್ನ ಮಂಡಿ ಸವರಿಕೊಂಡ. ಗೋಲಿಯನ್ನು ಎರಡು ಬೆರಳಲ್ಲಿ ಹಿಡಿದು ತಿರುಗಿಸಿದ.

"ಈ ಗಾಳೀಲಿ ಅಷ್ಟು ದೂರ" ಎಂದ ಮೆಲ್ಲಗೆ. "ಅಪರಂಜಿ ಹಡಗು ಬೇರೆ. ಇವತ್ತೊಂದು ದಿನ ಇದನ್ನ ವಾಪಸ್ ಹಾಕಿ ಇನ್ನೊಂದು ಎತ್ತಿದ್ರೆ ಯಾರ ಮನೆ ಮುಳುಗುತ್ತೆ?"

ಅವನ ಕೈ ಬುಟ್ಟಿಯ ಬಾಯಿಯ ಹತ್ತಿರ ಹೋಯಿತು. ಸುಲ್ಮಾಳಿಗೆ, ನನ್ನ ಮನೆ ಮುಳುಗುತ್ತದೆ, ನನ್ನ ತಮ್ಮನ ಮನೆ ಮುಳುಗುತ್ತದೆ ಎಂದು ಕಿರುಚಬೇಕೆನ್ನಿಸಿತು. ಎಲ್ಲ ಹೇಳಿಬಿಡುವುದೇ ಸರಿ. ಅವಳು ಗೋಡೆ ಬಿಟ್ಟು ಒಂದು ಹೆಜ್ಜೆ ಮುಂದೆ ಬಂದು ಬಾಯಿ ತೆರೆದಳು.

ಅಷ್ಟರಲ್ಲಿ ಬಾಗಿಲ ಬಳಿ ಯಾರೋ ಬೆಂಕಿ ಮೆಟ್ಟಿದವರಂತೆ ಕೂಗಿದರು.

"ಆಹಾಹಾ! ನೋಡ್ರಪ್ಪಾ ನೋಡಿ, ನ್ಯಾಯಮೂರ್ತಿಗಳ ನ್ಯಾಯ ನೋಡಿ!" ವಾಲ್ದೆಮಾರ್ ಕೆಂಪಗಾಗಿದ್ದ. "ನನ್ನ ಹಂದಿತೊಡೆಗೆ ಬಿದ್ದ ಗೋಲಿ ಬುಟ್ಟಿಗಿಲ್ಲ. ಇವರ ಮಂಡಿ ನೋವಿಗೆ ಬಿದ್ದ ಗೋಲಿ ಬುಟ್ಟಿಗೆ! ಅವತ್ತು ಕ್ಲಬ್ಬಲ್ಲಿ ಎಲ್ಲಾರ ಎದುರು ಏನಂದ್ರಿ ಯಜಮಾನ್ರೇ? ಹೆತ್ತ ತಾಯಿ ಬಂದು ಅತ್ತರೂ ಹಾಕಲ್ಲ ಅಂದ್ರಿ. ಈಗ ಯಾರ ತಾಯಿ ಅತ್ತಿದ್ದು?"

"ಲೇ, ಇದು ಹಡಗಿನ ವಿಷಯ ಕಣೋ."

"ಅದು ಹಂದಿತೊಡೆ ವಿಷಯ! ನನ್ನ ಹೆಂಡ್ತಿ ಅದನ್ನ ನೇತುಹಾಕೋಕೆ ಮೊಳೆ ಹೊಡೆದಿಟ್ಟಿದ್ಲು. ಆ ಮೊಳೆ ಇವತ್ತಿಗೂ ಗೋಡೇಲಿದೆ!"

ಕೋಣೆಯಲ್ಲಿದ್ದವರಿಗೆ ನಗು ತಡೆಯಲಾಗಲಿಲ್ಲ. ಎಲ್ಬಿಯೊ ನಗಲಿಲ್ಲ. ಗೋಲಿಯನ್ನು ಬುಟ್ಟಿಗೆ ಹಾಕದೆ ಕೋಟಿನ ಜೇಬಿಗೆ ಹಾಕಿಕೊಂಡು, ಗೂಟದಿಂದ ಮಳೆಯಂಗಿ ಎಳೆದುಕೊಂಡ.

"ನಡಿ. ಲಾಂಚು ತೆಗಿ."

ವಾಲ್ದೆಮಾರ್‌ನ ಮುಖ ಆಗ ನೋಡುವ ಹಾಗಿತ್ತು. ಆ ಗಾಳಿಯಲ್ಲಿ ಅಷ್ಟು ದೂರ ಲಾಂಚು ನಡೆಸಬೇಕಾದವನು ತಾನೇ ಎಂಬುದು ಅವನಿಗೆ ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ.

"ಅಲ್ಲ ಯಜಮಾನ್ರೇ, ನಾನು ಮಾತಿಗೆ ಅಂದೆ..."

"ಬಿದ್ದ ಗೋಲಿ" ಎಂದ ಎಲ್ಬಿಯೊ, ಮೆಟ್ಟಿಲು ಇಳಿಯುತ್ತ.

ಸುಲ್ಮಾ ಕಿಟಕಿಗೆ ಹಣೆ ಒತ್ತಿ ನಿಂತಳು. ಪುಟ್ಟ ಲಾಂಚು ಅಲೆಯಲ್ಲಿ ಮುಳುಗಿ, ಎದ್ದು, ಮತ್ತೆ ಮುಳುಗಿ ಹೋಗುತ್ತಿತ್ತು. ಅಷ್ಟು ದೂರಕ್ಕೂ ವಾಲ್ದೆಮಾರ್‌ನ ಬೈಗುಳ ಕೇಳುತ್ತಿದೆಯೇನೋ ಎನ್ನಿಸಿತು. ಅವಳು ಚರ್ಚಿಗೆ ಹೋಗುವವಳಲ್ಲ, ಆದರೂ ಆ ಸೋಮಾರಿಯ ಬಾಯನ್ನು ಕೊಟ್ಟ ದೇವರಿಗೆ ಅಲ್ಲೇ ಕೈ ಮುಗಿದಳು.

ಹಡಗಿನಲ್ಲಿ ನಡೆದದ್ದನ್ನು ಅವಳಿಗೆ ಹೇಳಿದವನು ದಾರ್ದೊ, ಮರುದಿನ, ಅವಳದೇ ಅಡುಗೆಮನೆಯಲ್ಲಿ. ಕೂರಲಾರದೆ ನಿಂತೇ ಹೇಳಿದ.

"ಅಕ್ಕ, ಆ ಮುದುಕ ಹಗ್ಗದ ಏಣಿ ಹತ್ತಿದ್ದು ನೋಡ್ಬೇಕಿತ್ತು ನೀನು. ಒಂದೊಂದು ಮೆಟ್ಟಿಲಿಗೂ ಒಬ್ಬೊಬ್ಬ ಸಂತನ್ನ ಬೈದ. ಮೇಲೆ ಬಂದವನೇ ಕ್ಯಾಪ್ಟನ್ ಕಾಫಿ ಕೊಟ್ರೆ ಆಮೇಲೆ ಅಂದ. ಸೀದಾ ದೋಣಿ ಹತ್ರ ಹೋದ. ಬಣ್ಣ ತುಂಬಾ ಚೆನ್ನಾಗಿದೆ, ಯಾರು ಹೊಡೆದಿದ್ದು ಅಂದ. ನಾನು ಕೈ ಎತ್ತಿದೆ. ನನ್ನ ಮುಖಾನೇ ನೋಡದೆ ಜೇಬಿಂದ ಸಣ್ಣ ಸುತ್ತಿಗೆ ತೆಗೆದು ಕೊಕ್ಕೆ ಮೇಲೆ ಒಂದೇ ಏಟು. ಅಕ್ಕ, ಅದರ ಅಡ್ಡಮೊಳೆ ಎರಡು ತುಂಡಾಗಿ ಅವನ ಬೂಟಿನ ಮೇಲೆ ಬಿತ್ತು. ಒಳಗೆಲ್ಲ ಬರೀ ಕೆಂಪು ಪುಡಿ."

"ಆಮೇಲೆ?"

"ಆಮೇಲೇನು, ಇವತ್ತು ಅದರಲ್ಲಿ ಕೂರೋಕಿದ್ದ ನಾವು ನಾಲ್ಕು ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡ್ವಿ. ಕೊಕ್ಕೆ ಬದಲಾಯಿಸೋ ತನಕ ಹಡಗು ಅಲ್ಲಾಡಕೂಡದು ಅಂತ ಬರೆದುಕೊಟ್ಟ. ಕ್ಯಾಪ್ಟನ್ ಕಣ್ಣು ಕೆಂಪಗೆ ಮಾಡಿ, ಯಾರು ಹೇಳಿದ್ದು ನಿಮಗೆ ಅಂದ. ನನ್ನ ಕಡೆ ತಿರುಗಿಯೇ ಅಂದ. ಆಗ ಆ ಮುದುಕ ಜೇಬಿಗೆ ಕೈ ಹಾಕಿ ಎಂಟು ಅಂತ ಬರೆದಿದ್ದ ಒಂದು ಮರದ ಗೋಲಿ ತೆಗೆದ. ಕ್ಯಾಪ್ಟನ್ ಮೂಗಿನ ಕೆಳಗೆ ಹಿಡಿದು, ಇದು ಹೇಳ್ತು ಅಂದ."

ದಾರ್ದೊ ನಗಲು ಹೋಗಿ ನಗಲಾಗದೆ ಅಕ್ಕನ ಭುಜಕ್ಕೆ ಮುಖ ಒತ್ತಿದ. ಅವನ ಕೂದಲಿನಿಂದ ಆ ಹಡಗಿನ ಬಣ್ಣದ ವಾಸನೆ ಬರುತ್ತಿತ್ತು. ಸುಲ್ಮಾ ಅವನ ಬೆನ್ನು ತಟ್ಟುತ್ತ, ಅತ್ತದ್ದಕ್ಕೆ ಬೈಯುತ್ತ, ತಾನೂ ಅತ್ತಳು.

ಕಚೇರಿಯಲ್ಲಿ ಎಲ್ಬಿಯೊ ಎರಡು ದಿನ ಮಂಡಿಗೆ ಬಿಸಿನೀರಿನ ಚೀಲ ಕಟ್ಟಿಕೊಂಡು ಕೂತಿದ್ದ. ಮೂರನೆಯ ದಿನ ಬೇರೆ ಯಾರೂ ಇಲ್ಲದಾಗ ಸುಲ್ಮಾಳ ಕೈಗೆ ಬುರುಡೆ ಕೊಟ್ಟು, "ಅವತ್ತು ಗೋಲಿ ಬಿದ್ದಾಗ ನೀನು ಗೋಡೆ ಬಿಟ್ಟು ಮುಂದೆ ಬಂದೆ. ಏನೋ ಹೇಳೋಕೆ ಬಾಯಿ ತೆಗೆದೆ" ಎಂದ.

ಸುಲ್ಮಾ ನಾಲಿಗೆ ಕಚ್ಚಿಕೊಂಡಳು.

"ಬೇಡ" ಎಂದ ಅವನು ಕೂಡಲೇ, ಕೈ ಅಡ್ಡ ಹಿಡಿದು. "ನಾನು ಕೇಳಿಲ್ಲ, ನೀನು ಹೇಳಿಲ್ಲ. ಗೋಲಿ ಬಿತ್ತು, ಹೋದೆ. ಅಷ್ಟೇ ಕಥೆ. ಇನ್ಮೇಲೆ ಪ್ರತಿದಿನ ಒಂದು ಗೋಲಿ ಬೀಳಲೇಬೇಕು ಅಂತ ಮೇಲಿನವರಿಗೆ ಬರೆದಿದ್ದೀನಿ. ಬಹಳ ದಿನ ಯಾರೂ ನೋಡದ ಹಡಗಿಗೆ ಕಂಪ್ಯೂಟರ್ ಅಂಕ ಏರಿಸ್ಬೇಕು ಅಂತಲೂ. ಅದು ನಿನ್ನ ಬುದ್ಧಿ, ನಿನ್ನ ಹೆಸರೇ ಹಾಕಿದ್ದೀನಿ."

ಅವಳು ಫ್ಲಾಸ್ಕು ಬರಿದಾಗುವವರೆಗೆ ಮಾಟೆ ಕುಡಿದಳು. ಕೊನೆಯ ಗುಟುಕಾದ ಮೇಲೆ ಬುರುಡೆ ಹಿಂದಿರುಗಿಸಿ ಥ್ಯಾಂಕ್ಸ್ ಎಂದಳು. ಎಲ್ಬಿಯೊ ಕೇಳಿಸದವನಂತೆ ಬುರುಡೆಯ ಸೊಪ್ಪು ಕೊಡವಲು ಎದ್ದ.

ಆ ಶುಕ್ರವಾರ ಬುಟ್ಟಿಯನ್ನು ಕ್ಲಬ್ಬಿಗೆ ಪೂರ್ತಿಯಾಗಿ ಮರಳಿಸುವುದಿತ್ತು, ಕಚೇರಿಗೆ ಹೊಸದು ಬಂದಿತ್ತು. ಸುಲ್ಮಾ ಬುಟ್ಟಿ ಹಿಡಿದು ಹೊರಟಾಗ ದಾರ್ದೊ ಮತ್ತು ನೀದಿಯಾ ಜತೆಗೆ ಬಂದರು. ಕೊಕ್ಕೆ ಇನ್ನೂ ಬಂದಿರಲಿಲ್ಲ, ಹಡಗು ನಿಂತಲ್ಲೇ ಇತ್ತು. ದಾರ್ದೊವಿನ ಹೆಗಲ ಮೇಲೆ ಬಟ್ಟೆಯಲ್ಲಿ ಸುತ್ತಿದ ಏನೋ ದೊಡ್ಡ ಗಂಟು. ಕ್ಲಬ್ಬಿನೊಳಗೆ ಹೋದವನೇ ಅದನ್ನು ವಾಲ್ದೆಮಾರ್‌ನ ಮೇಜಿನ ಮೇಲೆ ದೊಪ್ಪನೆ ಇಟ್ಟ. ಇಡೀ ಹಂದಿತೊಡೆ.

"ನಾವು ನಾಲ್ಕು ಜನ ಸೇರಿ ತಂದಿದ್ದು" ಎಂದ. "ಆ ಗಾಳೀಲಿ ಲಾಂಚು ತಂದ್ರಲ್ಲ, ಅದಕ್ಕೆ."

ವಾಲ್ದೆಮಾರ್ ಹಂದಿತೊಡೆಯನ್ನೂ ದಾರ್ದೊವನ್ನೂ ಬದಲಿಸಿ ಬದಲಿಸಿ ನೋಡಿದ. ಕೊನೆಗೆ, "ಮೊಳೆ ಹೇಗೂ ಇದೆ" ಎಂದ.

ಬಿಂಗೋ ಶುರುವಾಯಿತು. ದಾರ್ದೊ ಕೂಡ ಒಂದು ಕಾರ್ಡು ತೆಗೆದುಕೊಂಡು ಕೂತ. ಎಲ್ಬಿಯೊ ಗತ್ತಿನಿಂದ ಬುಟ್ಟಿ ತಿರುಗಿಸಿ ಗೋಲಿ ಎತ್ತಿದ.

"ಎಂಟು!"

ದಾರ್ದೊ ಕುರ್ಚಿ ಉರುಳಿಸಿಕೊಂಡು ಎದ್ದು ನಿಂತ. ಕ್ಲಬ್ಬೆಲ್ಲ ಅವನ ಕಡೆ ತಿರುಗಿತು. ಪಕ್ಕದಲ್ಲಿದ್ದ ಕಟುಕ ಇಣುಕಿ ನೋಡಿ, "ಕೂತ್ಕೊಳ್ಳಯ್ಯಾ, ನಿನ್ನ ಕಾರ್ಡಲ್ಲಿ ಎಂಟೇ ಇಲ್ಲ!" ಎಂದ.

"ಇಲ್ಲದಿದ್ರೆ ಬಿಡಿ" ಎಂದ ದಾರ್ದೊ. "ನನಗೆ ಆಗಲೇ ಬಂದಾಗಿದೆ."

ಎಲ್ಲರೂ ಘೊಳ್ಳೆಂದು ನಕ್ಕರು. ಎಲ್ಬಿಯೊ ಮಾತ್ರ ಗೋಲಿಯನ್ನು ಕೈಯಲ್ಲೇ ಹಿಡಿದು ಅವನನ್ನು ನೋಡಿದ, ಆಮೇಲೆ ಸುಲ್ಮಾಳನ್ನು ನೋಡಿದ. ಸುಲ್ಮಾ ಕಣ್ಣು ತಗ್ಗಿಸಲಿಲ್ಲ. ಅವನು ಗೋಲಿಯನ್ನು ತಟ್ಟೆಯಲ್ಲಿಟ್ಟು, ಮುಂದಿನ ನಂಬರಿಗೆ ಬುಟ್ಟಿ ತಿರುಗಿಸಿದ.